ಗೋ: ಸೀರಿಯಲ್ ಪೋರ್ಟ್ ಎರಡು ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುತ್ತಿದೆ, ಸಿಎಸ್‌ವಿ ತುಂಬಾ ಪ್ರಶ್ನೆ ಚಿಹ್ನೆ

ಮಳೆಲೆಕ್ಕ:
ನಮಸ್ಕಾರ. ತಾರಸಿ ಮೇಲಿನ ಮಳೆಮಾಪಕವನ್ನು ಯುಎಸ್‌ಬಿ ಸೀರಿಯಲ್ ಕೇಬಲ್‌ನಲ್ಲಿ ರಾಸ್ಪ್‌ಬೆರಿ ಪೈಗೆ ಜೋಡಿಸಿದ್ದೇನೆ. ಪ್ರೋಗ್ರಾಂ ಗೋ ಭಾಷೆಯ 1.22 ಆವೃತ್ತಿಯಲ್ಲಿದೆ. ಶುರುವಿನಲ್ಲಿ, ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಸಿಎಸ್‌ವಿಗಳನ್ನೆಲ್ಲ ಓದಿ ಒಟ್ಟು ಮಳೆ ಕೂಡಿಸುತ್ತದೆ. ಆಮೇಲೆ ಪೋರ್ಟ್ ತೆರೆದು, ಎಫ್‌ಡಿ ಮೆಥಡ್‌ನಿಂದ ಅದರ ನಂಬರ್ (ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಫೈಲಿಗೆ ಲಿನಕ್ಸ್ ಕೊಡುವ ಅಂಕಿ) ತೆಗೆದುಕೊಂಡು, ಸಿಸ್ಟಮ್ ಕಾಲ್‌ಗಳಿಗೆ ಆ ನಂಬರನ್ನೇ ಕೊಡುತ್ತೇನೆ. 10 ಸೆಕೆಂಡಿಗೊಮ್ಮೆ ‘?’ ಕಳಿಸಿದರೆ ಮಾಪಕ ಉತ್ತರಿಸುತ್ತದೆ.

ಸುಮಾರು ಎರಡು ನಿಮಿಷ ಸರಿಯಾಗಿ ಓಡುತ್ತದೆ. ಆಮೇಲೆ ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’. ಗಂಟೆಗೊಂದು ಹೊಸ ಸಿಎಸ್‌ವಿ ತೆರೆದ ಕೂಡಲೇ ಬರೆಯುವ ಎರರ್ ನಿಲ್ಲುತ್ತದೆ. ಆದರೆ ಆ ಫೈಲಿನಲ್ಲಿ ತಲೆಸಾಲಿನ ಕೆಳಗೆ ಬರೀ ‘??????’. ಕೇಬಲ್ ಬದಲಾಯಿಸಿದೆ, ಅಡಾಪ್ಟರ್ ಬದಲಾಯಿಸಿದೆ. ಪತ್ತೆ ಮಾಡೋಣ ಅಂತ ಲೂಪಿನೊಳಗೆ ಫೈಲ್ ಆಬ್ಜೆಕ್ಟಿನ ಹೆಸರು ಪ್ರಿಂಟ್ ಮಾಡಿದರೆ ಎಲ್ಲಾ ಸರಿ! ಆ ಸಾಲು ತೆಗೆದರೆ ಮತ್ತೆ ಅದೇ ಕಥೆ.

ಹಳೇಗೂಡು:
ಆ ಪ್ರಿಂಟ್ ಸಾಲೇ ಗುಟ್ಟು ಹೇಳುತ್ತಿದೆ. ಕೇಬಲ್ ತಪ್ಪಲ್ಲ, ಇದು ಫೈನಲೈಜರ್ ಕೆಲಸ.

ಗೋದಲ್ಲಿ ಫೈಲ್ ಆಬ್ಜೆಕ್ಟಿಗೆ ಫೈನಲೈಜರ್, ಅಂದರೆ ಆಬ್ಜೆಕ್ಟನ್ನು ಗುಡಿಸಿಹಾಕುವ ಮುಂಚೆ ತಾನೇ ಓಡುವ ಫಂಕ್ಷನ್, ಇರುತ್ತದೆ. ಆಬ್ಜೆಕ್ಟ್ ಯಾರಿಗೂ ಬೇಡವಾದರೆ ಅದು ಫೈಲನ್ನು ಮುಚ್ಚುತ್ತದೆ. ನೀವು ಇಟ್ಟುಕೊಂಡಿರುವುದು ಬರೀ ಒಂದು ಅಂಕಿ. ಅಂಕಿ ಕೈಯಲ್ಲಿದ್ದರೆ ಆಬ್ಜೆಕ್ಟ್ ಬದುಕಿರುತ್ತದೆ ಅಂತ ಜಿಸಿಗೆ (ಬೇಡವಾದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗೆ) ಹೇಗೆ ಗೊತ್ತಾಗಬೇಕು? ವೇರಿಯಬಲ್ ಇನ್ನೂ ಸ್ಕೋಪಿನಲ್ಲಿದೆ ಅಲ್ವಾ ಅನ್ನಬಹುದು. ಅದು ಲೆಕ್ಕಕ್ಕಿಲ್ಲ. ಕೊನೆಯ ಸಲ ಬಳಸಿದ ಸಾಲು ದಾಟಿದ ಮೇಲೆ ಅದನ್ನು ಗುಡಿಸಿಹಾಕಲು ಅಡ್ಡಿಯಿಲ್ಲ. ಪ್ರಿಂಟ್ ಹಾಕಿದಾಗ ಪ್ರತಿ ಸುತ್ತಿನಲ್ಲೂ ಆಬ್ಜೆಕ್ಟ್ ಬೇಕಾಯಿತು, ಉಳಿಯಿತು.

ಎರಡು ನಿಮಿಷ ಎಲ್ಲಿಂದ ಬಂತು? ಹಳೆಯ ಫೈಲುಗಳನ್ನು ಓದುವಾಗ ಜಿಸಿ ಓಡಿರುತ್ತದೆ. ಆಮೇಲೆ ನಿಮ್ಮ ಪ್ರೋಗ್ರಾಂಗೆ ಹೊಸ ಮೆಮೊರಿ ಹೆಚ್ಚು ಬೇಡ. 2 ನಿಮಿಷ ಜಿಸಿ ಆಗದಿದ್ದರೆ ರನ್‌ಟೈಮ್ (ಪ್ರೋಗ್ರಾಂ ಜೊತೆಗೇ ಓಡುವ ಗೋದ ಒಳಭಾಗ) ತಾನೇ ಒತ್ತಾಯದಿಂದ ಒಂದು ಸಲ ಓಡಿಸುತ್ತದೆ. ಗೋಡೀಬಗ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಜಿಸಿಟ್ರೇಸ್ 1 ಕೊಟ್ಟು ಓಡಿಸಿ, ಎರರಿಗೆ ಸ್ವಲ್ಪ ಮುಂಚೆ ‘ಜಿಸಿ ಫೋರ್ಸ್ಡ್’ ಅಂತ ಕಾಣುತ್ತದೆ.

ಸಿಎಸ್‌ವಿಗೆ ‘?’ ಬಿದ್ದದ್ದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಭಾಗ. ಫೈಲ್ ತೆರೆದಾಗ ಲಿನಕ್ಸ್ ಖಾಲಿ ಇರುವ ಅತಿ ಚಿಕ್ಕ ನಂಬರ್ ಕೊಡುತ್ತದೆ. ಪೋರ್ಟಿನದು ಖಾಲಿಯಾಗಿತ್ತು, ಹೊಸ ಸಿಎಸ್‌ವಿಗೆ ಸಿಕ್ಕಿತು. ನೀವು ಪೋರ್ಟ್ ಅಂದುಕೊಂಡು ಅದಕ್ಕೇ ಬರೆದಿರಿ. ಅಲ್ಲಿ ಡೇಟಾಬೇಸ್ ಫೈಲ್ ಇದ್ದಿದ್ದರೆ?

ನಂಬರ್ ಬಿಡಿ. ಆಬ್ಜೆಕ್ಟಿನ ರೀಡ್, ರೈಟ್ ಮೆಥಡ್‌ಗಳನ್ನೇ ಬಳಸಿ, ತೆರೆದ ಕೂಡಲೇ ಮೇನ್‌ನಲ್ಲಿ ಡಿಫರ್ ಕ್ಲೋಸ್ (ಫಂಕ್ಷನ್ ಮುಗಿಯುವಾಗ ಮುಚ್ಚು ಎಂಬ ಸಾಲು) ಹಾಕಿ. ನಂಬರ್ ಬೇಕೇ ಬೇಕು ಅಂದರೆ ಅದನ್ನು ಬಳಸಿದ ಸಾಲಿನ ನಂತರ, ಲೂಪಿನೊಳಗೇ, ರನ್‌ಟೈಮ್ ಪ್ಯಾಕೇಜಿನ ಆಬ್ಜೆಕ್ಟನ್ನು ಅಲ್ಲಿಯವರೆಗೆ ಉಳಿಸುವ ಕೀಪ್‌ಅಲೈವ್ ಕರೆಯಿರಿ. ಕೊನೆಯಿಲ್ಲದ ಲೂಪಿನ ಹೊರಗೆ ಹಾಕಿದರೆ ಉಪಯೋಗವಿಲ್ಲ.

ಮಳೆಲೆಕ್ಕ:
ಸರ್, ‘ಜಿಸಿ ಫೋರ್ಸ್ಡ್’ ಕಾಣಿಸಿತು, ಅದರ ಮುಂದಿನ ಸುತ್ತಿಗೇ ಎರರ್! ಹಾಗಾದರೆ ಸಿಎಸ್‌ವಿ ಬಫರನ್ನು ಫ್ಲಶ್ ಮಾಡಲು (ಮೆಮೊರಿಯಲ್ಲಿ ಉಳಿದ ಸಾಲುಗಳನ್ನು ಫೈಲಿಗೆ ಬರೆಯಲು) ನಾನೇ ಒಂದು ಫೈನಲೈಜರ್ ಇಡಲಾ?

ಹಳೇಗೂಡು:
ದಯವಿಟ್ಟು ಬೇಡ. ಪ್ರೋಗ್ರಾಂ ಮುಗಿಯುವಾಗ ಅದು ಓಡುತ್ತದೆ ಅನ್ನುವ ಖಾತ್ರಿಯಿಲ್ಲ, ಕೊನೆಯ ಸಾಲುಗಳು ಹೋಗುತ್ತವೆ. ಆಬ್ಜೆಕ್ಟುಗಳು ಒಂದನ್ನೊಂದು ಹಿಡಿದು ಸುತ್ತು ಕಟ್ಟಿಕೊಂಡಿದ್ದರೆ ಎಂದೂ ಓಡದೆಯೂ ಇರಬಹುದು. ಜಿಸಿ ನೋಡುವುದು ಮೆಮೊರಿ ಎಷ್ಟಾಯಿತು ಅಂತ, ಫೈಲುಗಳ ಪಾಡು ಅದಕ್ಕೆ ಗೊತ್ತಿಲ್ಲ. ಜಾವಾದವರು ಫೈನಲೈಜ್ ಬಳಸಬೇಡಿ ಅಂತ 2017ರಲ್ಲಿ ಜಾವಾ 9ರಲ್ಲೇ ಹೇಳಿದರು, 2022ರಲ್ಲಿ ಜಾವಾ 18ರಲ್ಲಿ ತೆಗೆದುಹಾಕುವ ಪಟ್ಟಿಗೇ ಸೇರಿಸಿದರು. ಗೋ 1.24ರಲ್ಲಿ ಫೈನಲೈಜರ್ ಬದಲಿಗೆ ಆಡ್‌ಕ್ಲೀನಪ್ ಬಂದಿದೆ, ಸುತ್ತಿನ ತೊಂದರೆ ಅದಕ್ಕೆ ಕಡಿಮೆ. ಆದರೂ ಯಾವಾಗ ಓಡುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಗಂಟೆ ಮುಗಿದಾಗ ನೀವೇ ಫ್ಲಶ್ ಮಾಡಿ, ನೀವೇ ಮುಚ್ಚಿ.

ಮಳೆಲೆಕ್ಕ:
ಹಾಗೇ ಮಾಡಿದೆ. ನಿನ್ನೆ ರಾತ್ರಿಯಿಡೀ ಓಡಿದೆ, ಒಂದೂ ‘?’ ಇಲ್ಲ. ಹಳೆಯ ಫೈಲುಗಳಲ್ಲಿ ಬಿದ್ದಿದ್ದವನ್ನು ಈಗ ಕೂತು ಅಳಿಸುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಸರ್.