ಮರು: ‘ಕನ್ಸ್ಯೂಮರ್ ಅಡಾಪ್ಷನ್’ಗೆ ಪದ ಬೇಕು (ತುರ್ತು, 5ಜಿ ಕರಪತ್ರ)

> ರಾಯಚೂರು, ಸಿಂಧನೂರಿನ ಮೊಬೈಲ್ ಅಂಗಡಿಗಳಿಗೆ ಹಂಚುವ ಕರಪತ್ರ. ‘ನೆಕ್ಸ್ಟ್ ಜನರೇಷನ್ ಮೊಬೈಲ್ ಡೇಟಾ’, ‘ಕನ್ಸ್ಯೂಮರ್ ಅಡಾಪ್ಷನ್’ (ಗ್ರಾಹಕರು ಹೊಸದನ್ನು ಬಳಸತೊಡಗುವುದು) ಎರಡಕ್ಕೂ ಪದ ಬೇಕು. ಅನುವಾದ ತಂತ್ರಾಂಶ ‘ಗ್ರಾಹಕ ದತ್ತು’ ಅಂತ ಕೊಟ್ಟಿತು. ‘ಗ್ರಾಹಕರ ಅಳವಡಿಕೆ’ ನಡೆಯುತ್ತಾ? ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು.

ನಡೆಯುವುದಿಲ್ಲ ಸರ್. ‘ಗ್ರಾಹಕರ’ ಅನ್ನೋ ಆ ಷಷ್ಠಿ ವಿಭಕ್ತಿ ಎರಡು ಕಡೆ ಎಳೆಯುತ್ತದೆ. ಗ್ರಾಹಕರು ಅಳವಡಿಸಿದ್ದೋ, ಗ್ರಾಹಕರನ್ನೇ ಅಳವಡಿಸಿದ್ದೋ?

ಪದವನ್ನೇ ನೋಡಿ. ಅಳವು, ಪಡು ಸೇರಿ ಅಳವಡು. ಹಳಗನ್ನಡದಲ್ಲಿ ಅಳವು ಅಂದರೆ ಶಕ್ತಿ, ಪ್ರಮಾಣ. ಅಳವಡು ಅಂದರೆ ಹೊಂದಿಕೆಯಾಗು. ‘ಇಸು’ ಸೇರಿದ ಮೇಲೆ ಅದು ಹೊಂದಿಸಿ ಕೂರಿಸುವವರ ಕೆಲಸ. ಟವರ್ ಮೇಲೆ ಆಂಟೆನಾ ಕೂರಿಸುವ ಕಂಪನಿ 5ಜಿಯನ್ನು ಅಳವಡಿಸುತ್ತದೆ. ಗ್ರಾಹಕ ಬಳಸುತ್ತಾನೆ, ಇಲ್ಲಾ ಬಿಡುತ್ತಾನೆ. ‘ಅಳವಡಿಸಿಕೊಳ್ಳು’ ಇದೆಯಲ್ಲ ಅನ್ನಬಹುದು. ಇದೆ, ವರದಿಗಳಲ್ಲಿ. ಅದರ ನಾಮಪದ ‘ಅಳವಡಿಸಿಕೊಳ್ಳುವಿಕೆ’. ಅಂಗಡಿ ಬಾಗಿಲಿಗೆ ಅಂಟಿಸಿದರೆ ಓದುವವರು ಯಾರು?

ಕೊಪ್ಪಳದ ಯಾವುದೇ ರೀಚಾರ್ಜ್ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ಕೇಳಿ. “ಅಣ್ಣಾರ, ಈ ಫೋನಿನ್ಯಾಗ ಫೈವ್ ಜಿ ಹತ್ತತೈತೇನ್ರಿ? ಸಿಮ್ ಬದಲಿ ಮಾಡಬೇಕೇನು?” ಅಂಗಡಿಯವರು ಸೆಟ್ಟಿಂಗ್ಸ್ ತೆಗೆದು ನೆಟ್‌ವರ್ಕ್ ಪಟ್ಟಿ ತೋರಿಸುತ್ತಾರೆ. ಅದರಲ್ಲಿ 4ಜಿಗೇ ಪಟ್ಟಿ ಮುಗಿದಿರುತ್ತದೆ. “ಸಿಮ್ ಅದಾ ನಡೀತೈತಿ, ಫೋನ್ ಬ್ಯಾರೇ ಬೇಕು.” ಜಿಯೋ, ಏರ್‌ಟೆಲ್ ಎರಡರಲ್ಲೂ 4ಜಿ ಸಿಮ್ಮೇ 5ಜಿಗೂ ಆಗುತ್ತದೆ. ಜನ ತಡೆದು ನಿಲ್ಲುವುದು ಫೋನಿನ ಬೆಲೆ ಕೇಳಿ. ಕರಪತ್ರ ಹೇಳಬೇಕಾದದ್ದೂ ಇದನ್ನೇ ಅಲ್ವಾ? ‘ಹತ್ತು’ (ಸಿಗು, ಶುರುವಾಗು) ಅನ್ನೋ ಕ್ರಿಯಾಪದ ಎಷ್ಟು ಚೆನ್ನಾಗಿದೆ ನೋಡಿ. ಬೆಂಗಳೂರಿನವರಿಗೆ ತಿಳಿಯುವುದಿಲ್ಲ ಅಂತ ಅದನ್ನು ಬಿಡಬೇಡಿ. ಕರಪತ್ರ ಬೆಂಗಳೂರಿಗೆ ಹೋಗುತ್ತಿಲ್ಲ.

> ‘ಮುಂದಿನ ಪೀಳಿಗೆಯ ಸಂಚಾರಿ ದತ್ತಾಂಶ ಸೇವೆ’ ಎಂದರೆ ಶುದ್ಧವಾಗಿರುತ್ತದೆ.

ಶುದ್ಧ ಇರಬಹುದು, ಅರ್ಥ ತಪ್ಪು. ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಅದಿನ್ನು ‘ಮುಂದಿನದು’ ಹೇಗಾಗುತ್ತದೆ? ದತ್ತಾಂಶ ಅಂದರೆ ಮಾಹಿತಿಯ ತುಣುಕು, ಜನಗಣತಿಯಲ್ಲಿ ಬರೆದುಕೊಳ್ಳುವಂಥದ್ದು. ಫೋನಿನ ಡೇಟಾ ದುಡ್ಡು ಕೊಟ್ಟು ಕೊಳ್ಳುವ ವಸ್ತು, ಸಂಜೆಯೊಳಗೆ ಖಾಲಿಯಾಗುತ್ತದೆ. ಅದನ್ನು ಜನ ‘ನೆಟ್’ ಅನ್ನುತ್ತಾರೆ. ಪೀಳಿಗೆ ಬೇಕೋ ತಲೆಮಾರು ಬೇಕೋ ಎಂದು ಜಗಳವೂ ಬೇಡ. ‘ಜಿ’ ಅಂದರೆ ಜನರೇಷನ್, ಅದರಲ್ಲೇ ತಲೆಮಾರು ಕೂತಿದೆ. ವಿವರಿಸಲೇಬೇಕಾದರೆ ‘ಐದನೇ ತಲೆಮಾರು’ ಅನ್ನಿ. ತಮಿಳರು ತಲೈಮುರೈ ಅನ್ನುತ್ತಾರೆ, ಮೊದಲ ‘ತಲೆ’ ಇಬ್ಬರದೂ ಒಂದೇ. ಸಿಂಧನೂರಿನ ವಲಸಿಗರ ಕ್ಯಾಂಪುಗಳ ತೆಲುಗರಿಗೆ ‘ತರಂ’. ಆದರೆ ‘5ಜಿ’ ಅಂದರೆ ಮೂವರಿಗೂ ತಿಳಿಯುತ್ತದೆ.

> ಮಿಂಬಲೆ, ಅಲೆಯುಲಿ ಇರುವಾಗ ನೆಟ್, ಮೊಬೈಲ್ ಯಾಕೆ? ಹೀಗೆ ಸಾಲ ಮಾಡಿದರೆ ಕನ್ನಡದಲ್ಲಿ ಉಳಿಯುವುದೇನು?

ಕ್ರಿಯಾಪದ ಉಳಿಯುತ್ತದೆ. ಭಾಷೆಯ ಜೀವ ಅಲ್ಲಿದೆ ಅಂತ ಮೊದಲಿಂದ ಹೇಳುತ್ತಾ ಬಂದಿದ್ದೇನೆ. ರಾಯಚೂರು, ಕೊಪ್ಪಳ 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದವು. ಅರ್ಜಿ, ಜಮೀನು, ತಾಲೂಕು, ತಕರಾರು ಎಲ್ಲಾ ಹೊರಗಿನಿಂದ ಬಂದವು. ರೈತ ಅನ್ನೋ ಪದವೂ ಅರಬ್ಬಿಯದು. ಕನ್ನಡ ಸತ್ತಿತಾ? ಅರ್ಜಿ ‘ಹಾಕಿದೆವು’, ತಕರಾರು ‘ತೆಗೆದೆವು’. ಈಗ ನೆಟ್ ‘ಹಾಕಿಸುತ್ತೇವೆ’, ಟವರ್ ‘ಹತ್ತುತ್ತದೆ’. ನಾಮಪದ ಯಾರದ್ದಾದರೂ ಇರಲಿ. ‘ದತ್ತು’ವಿನಲ್ಲಿ ಅಕ್ಷರ ನಮ್ಮದು, ಯೋಚನೆ ಇಂಗ್ಲಿಷಿನದು. ನನಗೆ ಭಯ ಇರುವುದು ಅಂಥ ಸಾಲದ ಬಗ್ಗೆ. ಅಲೆಯುಲಿ ಬಗ್ಗೆ ಇಷ್ಟೇ: ಕಟ್ಟಿದ ಪದ ಬಾಯಿಗೆ ಬರಬೇಕು. ಬಂದಿಲ್ಲ.

ಸರ್, ಪ್ರೆಸ್ಸಿಗೆ ಹೀಗೆ ಕೊಡಿ.

ತಲೆಬರಹ: ‘5ಜಿ ನೆಟ್: ನಿಮ್ಮ ಫೋನಿಗೆ ಹತ್ತುತ್ತಾ?’
ಒಳಗೆ ‘ಕನ್ಸ್ಯೂಮರ್ ಅಡಾಪ್ಷನ್’ ಬಂದಲ್ಲೆಲ್ಲಾ ‘ಗ್ರಾಹಕರಲ್ಲಿ 5ಜಿ ಬಳಕೆ’.
ಕ್ರಿಯಾಪದ ಬೇಕಾದಲ್ಲಿ ‘5ಜಿಗೆ ಬದಲಾಗು’. ‘ಬದಲಾವಣೆ ಹೊಂದು’ ಅಲ್ಲ.