ಕೊನೆ ಮಹಡಿಯ ರೂಮು: ರಾತ್ರಿಯಿಡೀ ಏಸಿ ಓಡಿದರೂ ತಣ್ಣಗಾಗುತ್ತಿಲ್ಲ

ಕೊನೆಮಹಡಿ:
ನಮ್ಮದು ಕೊನೆ ಮಹಡಿ. ಅಮ್ಮನಿಗೆ 74 ವರ್ಷ. ಅವರ ರೂಮು ಪಶ್ಚಿಮಕ್ಕಿದೆ, ಒಂದು ದೊಡ್ಡ ಕಿಟಕಿ. 1.5 ಟನ್ ಏಸಿ ಹಾಕಿಸಿದ್ದೇವೆ. ರಾತ್ರಿ 9ಕ್ಕೆ 18 ಡಿಗ್ರಿಗೆ ಇಟ್ಟರೆ ಬೆಳಗ್ಗೆ 6ರ ತನಕ ನಿಲ್ಲದೆ ಓಡುತ್ತದೆ. ಮೊನ್ನೆ ಮಲಗುವ ಮುಂಚೆ, ಎದ್ದ ಮೇಲೆ ಎರಡು ಸಲ ಮೀಟರ್ ನೋಡಿ ಬರೆದುಕೊಂಡೆ. ಆ ಒಂದು ರಾತ್ರಿಗೆ 11 ಯೂನಿಟ್! ಅಷ್ಟಾದರೂ ಅಮ್ಮ "ಮೇಲಿಂದ ಕಾವು ಬಡಿಯುತ್ತೆ ಕಣೋ" ಅಂತಾರೆ. 2 ಟನ್ನಿನದು ಹಾಕಿಸು ಅಂತ ಗೊತ್ತಿದ್ದವರು ಹೇಳುತ್ತಿದ್ದಾರೆ. ಹಾಕಿಸಲಾ? ಚಳಿಗಾಲದಲ್ಲಿ ಇದೇ ರೂಮು ಕೊರೆಯುತ್ತದೆ, 2000 ವಾಟ್ ಹೀಟರ್ ಇಡಬೇಕು. ಅದಕ್ಕೂ ದಾರಿ ಇದ್ದರೆ ತಿಳಿಸಿ.

ಹಳೇಸ್ಪ್ಯಾನರ್:
ಈಗಲೇ ಹಾಕಿಸಬೇಡಿ ಸರ್. 11 ವರ್ಷ ಏಸಿ ರಿಪೇರಿ ಮಾಡಿದವನು ನಾನು. ರೋಗ ಏನು ಅಂತ ನಿಮ್ಮ ಅಮ್ಮನೇ ಹೇಳಿಬಿಟ್ಟಿದ್ದಾರೆ. ಕಾವು ಮೇಲಿಂದ ಬರುತ್ತಿದೆ.

ಇವತ್ತು ರಾತ್ರಿ 9ಕ್ಕೆ ಸ್ಟೂಲ್ ಹತ್ತಿ ಸೀಲಿಂಗ್ ಮೇಲೆ ಅಂಗೈ ಇಡಿ. ಆಮೇಲೆ ಒಳಗಿನ ಗೋಡೆ ಮುಟ್ಟಿ. ಸೀಲಿಂಗ್ ಬೆಚ್ಚಗಿದ್ದರೆ ಕೆಲಸ ಇರುವುದು ತಾರಸಿಯಲ್ಲಿ, ಏಸಿಯಲ್ಲಲ್ಲ. ಕಾಂಕ್ರೀಟ್ ಹಗಲೆಲ್ಲಾ ಬಿಸಿಲು ಕುಡಿಯುತ್ತದೆ. ಆ ಕಾವು ಕೆಳಗೆ ಇಳಿಯುವುದಕ್ಕೆ ಕೆಲವು ಗಂಟೆ ಬೇಕು. ಅದಕ್ಕೇ ಹೊತ್ತು ಮುಳುಗಿದ ಮೇಲೂ ರೂಮು ಸುಡುತ್ತದೆ. ತಾರಸಿಗೆಂದೇ ಬರುವ ಬಿಳಿ ಪೇಂಟ್ ಹೊಡೆಸಿ. ಬಿಸಿಲಿನ ಹೆಚ್ಚಿನ ಪಾಲನ್ನು ಅದು ವಾಪಸ್ ಎಸೆಯುತ್ತದೆ. ಧೂಳು ಕೂತರೆ ಗುಣ ಕಮ್ಮಿಯಾಗುತ್ತದೆ, ಆಗಾಗ ತೊಳೆಯಬೇಕು.

ಆಮೇಲೆ ಕಿಟಕಿ. ಒಳಗೆ ಎಷ್ಟೇ ದಪ್ಪದ ಪರದೆ ಹಾಕಿದರೂ ಅಷ್ಟೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ, ಅಲ್ವಾ? ಹೊರಗೇ ತಡೆಯಿರಿ. ಬಿದಿರಿನ ತಟ್ಟಿ, ಶೇಡ್ ನೆಟ್, ಏನಾದರೂ ಸರಿ. ಸಂಜೆ ಬಿಸಿಲು ನೇರ ಬೀಳುವ ದೊಡ್ಡ ಗಾಜು ಅಂದರೆ ರೂಮಿನಲ್ಲಿ ಸಣ್ಣ ಹೀಟರ್ ಹಚ್ಚಿಟ್ಟ ಹಾಗೆ.

18 ಡಿಗ್ರಿ ಬಿಡಿ. ಕಮ್ಮಿ ಇಟ್ಟರೆ ಬೇಗ ತಂಪಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಕಾದ ರೂಮು 18ಕ್ಕೆ ಇಳಿಯುವುದೇ ಇಲ್ಲ, ಹಾಗಾಗಿ ಕಂಪ್ರೆಸರ್‌ಗೆ ಬಿಡುವೇ ಸಿಗುವುದಿಲ್ಲ. 26ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ಹಾಕಿ. ಮಾಮೂಲಿ ಫ್ಯಾನ್ ಫುಲ್ ಸ್ಪೀಡಿನಲ್ಲೂ 75 ವಾಟ್ ಆಸುಪಾಸು ಅಷ್ಟೇ. ಆ ಗಾಳಿಗೆ ಮೈಗೆ ಎರಡು ಡಿಗ್ರಿಯಷ್ಟು ಕಮ್ಮಿ ಅನಿಸುತ್ತದೆ. ಆದರೆ ಫ್ಯಾನ್ ರೂಮನ್ನು ತಂಪು ಮಾಡುವುದಿಲ್ಲ. ರೂಮಲ್ಲಿ ಯಾರೂ ಇಲ್ಲದಾಗ ಸುಮ್ನೆ ತಿರುಗಿಸಬೇಡಿ.

ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಇನ್ನೊಂದು ಮಾತು, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಒಬ್ಬರ ಮನೆಯಲ್ಲಿ ಮೂರು ವರ್ಷ ಸತತವಾಗಿ ಗ್ಯಾಸ್ ತುಂಬಿಸಿಕೊಂಡಿದ್ದರು, ಪಾಪ. ಏಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಮೊದಲು ಲೀಕ್ ಹುಡುಕಿಸಿ, ಆಮೇಲೆ ತುಂಬಿಸಿ.

ರಾತ್ರಿಪಾಳಿ:
ನಾನು ನರ್ಸ್. ಉಳಿತಾಯ ಮಾಡಿ, ಆದರೆ ಅಮ್ಮನ ಮೇಲೆ ಕಣ್ಣಿರಲಿ. ವಯಸ್ಸಾದವರಿಗೆ ಸೆಕೆಯೂ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತವೆ. ಮಂಚದ ಪಕ್ಕ ಒಂದು ಥರ್ಮಾಮೀಟರ್ ನೇತುಹಾಕಿ, ಅದನ್ನು ನೋಡಿ ತೀರ್ಮಾನ ಮಾಡಿ. ಚಳಿಗಾಲದಲ್ಲಿ ಕರೆಂಟು ಉಳಿಸೋಣ ಅಂತ ಮುಚ್ಚಿದ ರೂಮಲ್ಲಿ ಇದ್ದಿಲು ಮಾತ್ರ ಹಚ್ಚಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಬೆಚ್ಚಗೆ:
ಹೀಟರ್ ಬಗ್ಗೆ ಹೇಳುತ್ತೇನೆ. ಆಯಿಲ್ ಹೀಟರ್ ಆಗಲಿ, ಫ್ಯಾನ್ ಹೀಟರ್ ಆಗಲಿ, 2000 ವಾಟ್ ಅಂದರೆ ಒಂದೇ ಕಾವು, ಪೂರ್ತಿ ಉರಿದರೆ ಗಂಟೆಗೆ 2 ಯೂನಿಟ್. ನಿಮ್ಮ ಏಸಿ ರಿಮೋಟ್‌ನಲ್ಲಿ ಹೀಟ್ ಮೋಡ್ ಇದೆಯಾ ನೋಡಿ. ಇದ್ದರೆ ಅದೇ ಒಳ್ಳೆಯದು. ಅದು ಹೊರಗಿನ ಗಾಳಿಯಿಂದ ಕಾವು ಎಳೆದು ತರುತ್ತದೆ. 1 ಯೂನಿಟ್ ಕರೆಂಟಿಗೆ ಹೆಚ್ಚೂಕಡಿಮೆ 3 ಯೂನಿಟ್‌ನಷ್ಟು ಕಾವು ಸಿಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ತೆಳು ಕಾಗದ ಹಿಡಿಯಿರಿ. ಅಲ್ಲಾಡಿದರೆ ಮೊದಲು ಸಂದಿ ಮುಚ್ಚಿ.

ಕೊನೆಮಹಡಿ:
ಸೀಲಿಂಗ್ ಮುಟ್ಟಿ ನೋಡಿದೆ. ನಿಜವಾಗಿಯೂ ಬಿಸಿ ಇತ್ತು! ಪೇಂಟ್ ಎರಡು ಕೋಟ್ ಆಯಿತು, ಕಿಟಕಿಗೆ ಹೊರಗಿಂದ ತಟ್ಟಿ ಕಟ್ಟಿದೆ, ಏಸಿ 26ಕ್ಕೆ ಇಟ್ಟೆ. ಮೂರು ರಾತ್ರಿ ಮೀಟರ್ ಬರೆದುಕೊಂಡೆ. 7, 6, 7 ಯೂನಿಟ್. ರಿಮೋಟ್‌ನಲ್ಲಿ ಹೀಟ್ ಮೋಡ್ ಇಲ್ಲ, ಹಾಗಾಗಿ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ಥರ್ಮಾಮೀಟರ್ ಕೂಡ ನೇತುಹಾಕಿದ್ದೇನೆ ಮೇಡಂ. ನಿನ್ನೆ ರಾತ್ರಿ 2 ಗಂಟೆಗೆ ಅಮ್ಮ ಎಬ್ಬಿಸಿ ಹೊದಿಕೆ ಕೇಳಿದರು. ಇವತ್ತಿಂದ 27.