ಕ್ಯಾರಿಯರ್ ಇಲ್ಲದ ಎಟಿವಿಯಲ್ಲಿ ತೋಟಕ್ಕೆ ಸಾಮಾನು ಒಯ್ಯೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಕಡೆ ಅಡಿಕೆ ತೋಟ. ಮನೆಯಿಂದ ತೋಟದ ತಳಕ್ಕೆ ಕಡಿದಾದ ಮಣ್ಣು ದಾರಿ, ಪಿಕಪ್ ಇಳಿಯೋದಿಲ್ಲ. ಅದಕ್ಕೇ ಸೆಕೆಂಡ್ ಹ್ಯಾಂಡ್ ಎಟಿವಿ (ಕಚ್ಚಾ ದಾರಿಯಲ್ಲೂ ಓಡೋ, ಬೈಕಿನಂಥ ಹ್ಯಾಂಡಲ್ ಇರೋ ನಾಲ್ಕು ಚಕ್ರದ ಗಾಡಿ) ತಗೊಂಡೆ. ಗಾಡಿ ಚೆನ್ನಾಗಿದೆ, ಆದರೆ ಮಜಾಕ್ಕೆ ಓಡಿಸೋ ಸ್ಪೋರ್ಟ್ ಮಾದರಿ. ಹಿಂದೆ ಮುಂದೆ ಎಲ್ಲೂ ಕ್ಯಾರಿಯರ್ ಇಲ್ಲ. (ತಗೊಳ್ಳುವಾಗ ಇದು ತಲೆಗೇ ಹೊಳೀಲಿಲ್ಲ. ಮನೆಯಲ್ಲಿ ಇನ್ನೂ ಆಡ್ಕೊಳ್ತಾರೆ.)

ಈಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ಕಾಲ. ಅದಕ್ಕೆ ಹೊಡೆಯೋ ಬೋರ್ಡೋ ದ್ರಾವಣ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದೇನು ಭಾರವಲ್ಲ. ಪಂಪು, ಪೈಪಿನ ಸುರುಳಿ, ಪೆಟ್ರೋಲ್ ಕ್ಯಾನು ಇವೇ ತಲೆನೋವು. ಹೋದ ವಾರ ಸುರುಳಿಯನ್ನು ಸೀಟಿನ ಹಿಂದೆ ಹಗ್ಗದಲ್ಲಿ ಬಿಗಿದು ಹೊರಟೆ. ಅರ್ಧ ದಾರಿಗೆ ಸುಟ್ಟ ವಾಸನೆ. ಇಳಿದು ನೋಡಿದರೆ ಸುರುಳಿ ಜಾರಿ ಸೈಲೆನ್ಸರ್ ಮೇಲೆ ಕೂತು, ಅಂಗೈಯಗಲ ಕರಗಿ ಅಂಟಿಕೊಂಡಿತ್ತು! ಹಿಂದಿನ ಮಡ್‌ಗಾರ್ಡ್ ಬರೀ ಪ್ಲಾಸ್ಟಿಕ್, ಬೋಲ್ಟಿನ ಹತ್ತಿರ ಬಿರುಕೂ ಬಿಟ್ಟಿದೆ. ಬೆನ್ನಿಗೆ ಚೀಲ ಹಾಕಿಯೂ ನೋಡಿದೆ, ದಿಬ್ಬ ಹತ್ತುವಾಗ ಹಿಂದಕ್ಕೆ ಜಗ್ಗುತ್ತೆ, ಭಯ ಆಗುತ್ತೆ.

ವೆಲ್ಡಿಂಗ್ ಅಂಗಡಿಯವರು ಚಾಸಿಗೇ ನೇರ ಪೈಪ್ ವೆಲ್ಡ್ ಮಾಡಿಕೊಡ್ತೀನಿ ಅಂತಾರೆ. ನನಗೆ ಮನಸ್ಸಿಲ್ಲ, ಬೇಕಾದಾಗ ಬಿಚ್ಚೋ ಹಾಗೆ ಕ್ಲ್ಯಾಂಪ್ ಹಾಕಿ ಬೋಲ್ಟ್ ಮಾಡಿದರೆ ಗಟ್ಟಿ ನಿಲ್ಲುತ್ತಾ? ಇಲ್ಲಾ ಹಿಂದೆ ಸಣ್ಣ ಟ್ರೈಲರ್ ಕಟ್ಟೋದೇ ವಾಸಿಯಾ? ಇಳಿಜಾರಲ್ಲಿ ಟ್ರೈಲರ್ ಗಾಡಿಯನ್ನೇ ನೂಕಿಬಿಟ್ಟರೆ ಅನ್ನೋದು ನನ್ನ ಹೆದರಿಕೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ಫೋಟೋ ಹಾಕಿ. ಪೆಟ್ರೋಲ್ ಕ್ಯಾನನ್ನು ಸೈಲೆನ್ಸರ್‌ನಿಂದ ದೂರ ಎಲ್ಲಿ ಕಟ್ಟುತ್ತೀರಿ ಅನ್ನೋದನ್ನೂ ತಿಳಿಸಿ.